ಒಂದು ಏಕಾರದ ತೂಕ

(ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಗ್ರಂಥಾಲಯವೊಂದರಲ್ಲಿ, ಅಪರಾಧದ ಸಾಕ್ಷ್ಯವನ್ನು ತೂಗಲು ಸಂಖ್ಯಾಶಾಸ್ತ್ರ ಏಕೆ ಬೇಕು ಎಂಬ ಬಗ್ಗೆ ವಿದ್ಯಾರ್ಥಿಗಳು, ವಕೀಲರು ಮತ್ತು ಊರವರ ಎದುರು ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಅವುಗಳ ಜಾಗದಲ್ಲೇ ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಒಂಬತ್ತು ವರ್ಷವಾಗಿದ್ದಾಗ ನಮ್ಮ ಅಂಗಳದಿಂದ ಎರಡು ಗೋಣಿ ಅಡಿಕೆ ಕಳವಾಯಿತು. ವೃಶ್ಚಿಕ ತಿಂಗಳು. ಹಿಂದಿನ ರಾತ್ರಿ ಅಕಾಲದಲ್ಲಿ ಒಂದು ಮಳೆ ಸುರಿದಿತ್ತು. ಬೆಳಿಗ್ಗೆ ನೋಡಿದರೆ ತೋಟಕ್ಕೆ ಇಳಿಯುವಲ್ಲಿ, ಕಣಿಯ ಬದಿಯ ಕೆಸರಿನಲ್ಲಿ, ಹವಾಯಿ ಚಪ್ಪಲಿಯ ಒಂದು ಗುರುತು ಅಚ್ಚು ಹಾಕಿದ ಹಾಗೆ ಮೂಡಿತ್ತು. ಹಿಮ್ಮಡಿಯ ಹೊರಬದಿ ಸವೆದದ್ದು ಕೂಡ ಕಾಣುತ್ತಿತ್ತು. ದೊಡ್ಡವರೆಲ್ಲ ಸುತ್ತ ನಿಂತು ಯೋಚಿಸುತ್ತಿದ್ದಾಗ ನಾನು ಬಾಯಿ ಬಿಟ್ಟೆ: ‘ಇದು ಅವನದೇ.’

ಅವನು ಎಂದರೆ ನಮ್ಮಲ್ಲಿಗೆ ಕೆಲಸಕ್ಕೆ ಬರುತ್ತಿದ್ದ ಹುಡುಗ. ಇನ್ನೂ ಇಪ್ಪತ್ತು ದಾಟಿರಲಿಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋಟವೆಲ್ಲ ಸುತ್ತಿಸಿದವನು. ಅವನ ಚಪ್ಪಲಿ ತರಿಸಿ ಗುರುತಿನ ಮೇಲೆ ಇಟ್ಟರು. ಸರಿಯಾಗಿ ಕೂತಿತು. ಯಾರೂ ಹೊಡೆಯಲಿಲ್ಲ, ಪೊಲೀಸರಿಗೂ ಹೇಳಲಿಲ್ಲ. ಮರುದಿನದಿಂದ ಊರಿನಲ್ಲಿ ಅವನನ್ನು ಕೆಲಸಕ್ಕೆ ಕರೆಯುವವರು ಇಲ್ಲವಾದರು, ಅಷ್ಟೇ. ಒಂದು ತಿಂಗಳೊಳಗೆ ಅವನು ಬಸ್ಸು ಹತ್ತಿ ಊರು ಬಿಟ್ಟ. ಮರುವರ್ಷ ಕದ್ದವರು ಬೇರೆಯವರೆಂದು ಗೊತ್ತಾಯಿತು. ಅದನ್ನು ಹೇಳೋಣವೆಂದರೆ ಅವನು ಎಲ್ಲಿದ್ದಾನೆಂದು ಯಾರಿಗೂ ತಿಳಿದಿರಲಿಲ್ಲ.

ನಾನು ಸಂಖ್ಯಾಶಾಸ್ತ್ರ ಕಲಿತು, ಕಲಿಸುವ ಕೆಲಸಕ್ಕೆ ಬಂದು, ಅಪರಾಧದ ಕುರುಹುಗಳನ್ನು ಪರೀಕ್ಷಿಸುವ ವಿಧಿವಿಜ್ಞಾನದ (ಫೊರೆನ್ಸಿಕ್) ಕಡೆಗೆ ತಿರುಗಿದ್ದರ ಹಿಂದೆ ಆ ಬೆಳಗು ಇದೆ. ಅಂದು ನಾನು ನೋಡಿದ್ದು ಸುಳ್ಳಲ್ಲ. ಗುರುತು ಇತ್ತು, ಚಪ್ಪಲಿ ಹೊಂದಿತು. ತಪ್ಪಿದ್ದು ಒಂದೇ ಒಂದು ಅಕ್ಷರದಲ್ಲಿ. ‘ಅವನದರ ಹಾಗಿದೆ’ ಎನ್ನುವಲ್ಲಿ ‘ಅವನದೇ’ ಎಂದೆ. ಶಾಲೆಯ ವ್ಯಾಕರಣದಲ್ಲಿ ಈ ಏಕಾರಕ್ಕೆ ಅವಧಾರಣಾರ್ಥಕ ಅವ್ಯಯ ಎಂದು ಓದಿದ್ದೇವೆ. ‘ಇದು, ಬೇರೆಯದಲ್ಲ’ ಎಂದು ಗೆರೆ ಎಳೆಯುವ ಅಕ್ಷರ ಅದು. ಬೇರೆ ಯಾರದ್ದೂ ಅಲ್ಲ ಎನ್ನಬೇಕಾದರೆ ಬೇರೆಯವರ ಚಪ್ಪಲಿಗಳನ್ನು ನೋಡಿರಬೇಕು. ನಾವು ಯಾರೂ ನೋಡಿರಲಿಲ್ಲ.

ಇಂದು ಒಳಗೆ ಬರುವ ಮೊದಲು ನಾನು ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಂತಿದ್ದೆ. ನೀವು ಬಿಟ್ಟು ಬಂದ ಪಾದರಕ್ಷೆಗಳನ್ನು ಎಣಿಸುತ್ತಿದ್ದೆ. ಒಟ್ಟು 52 ಜೊತೆ. ಅದರಲ್ಲಿ 13 ಹವಾಯಿ ಚಪ್ಪಲಿ, ಅಂದರೆ ನಾಲ್ಕರಲ್ಲಿ ಒಂದು. ಎಂಟನೇ ಸೈಜಿನವು 13, ಅದೂ ನಾಲ್ಕರಲ್ಲಿ ಒಂದು. ಹಿಮ್ಮಡಿಯ ಹೊರಬದಿ ಸವೆದವು 13. ಮೂರನ್ನೂ ಗುಣಿಸಿದರೆ ಅರುವತ್ತನಾಲ್ಕರಲ್ಲಿ ಒಂದು ಬರುತ್ತದೆ. ಆ ಲೆಕ್ಕದ ಪ್ರಕಾರ ಎಂಟನೇ ಸೈಜಿನ, ಹೊರಬದಿ ಸವೆದ ಹವಾಯಿ ಈ 52ರಲ್ಲಿ ಹೆಚ್ಚೆಂದರೆ ಒಂದು ಜೊತೆ ಸಿಗಬೇಕು. ನಾನು ಬಗ್ಗಿ ಒಂದೊಂದನ್ನೇ ತಿರುಗಿಸಿ ನೋಡಿದೆ. ಐದು ಜೊತೆ ಇದ್ದವು.

ಏಕೆ? ಹವಾಯಿ ಹಾಕುವವರು ಹೆಚ್ಚಾಗಿ ತೋಟದಲ್ಲಿ ದುಡಿಯುವ ಗಂಡಸರು. ಅವರ ಕಾಲಿನ ಅಳತೆ ಹತ್ತಿರ ಹತ್ತಿರ ಒಂದೇ. ನಡೆಯುವುದು ಅದೇ ಕೆಂಪು ಮುರಕಲ್ಲಿನ ಏರು ದಾರಿಯಲ್ಲಿ, ಸವೆಯುವುದೂ ಒಂದೇ ರೀತಿ. ಈ ಮೂರು ಲಕ್ಷಣಗಳು ಒಂದರ ಕೈ ಒಂದು ಹಿಡಿದುಕೊಂಡೇ ಬರುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳನ್ನು ಮಾತ್ರ ಹಾಗೆ ಗುಣಿಸಬಹುದು. ಸಂಬಂಧ ಇದೆಯೋ ಇಲ್ಲವೋ ಎಂದು ಮನೆಯಲ್ಲಿ ಕೂತು ಊಹಿಸಲಾಗದು, ಹೊರಗೆ ಹೋಗಿ ಎಣಿಸಬೇಕು.

ಇಂಗ್ಲೆಂಡಿನಲ್ಲಿ ಈ ತಪ್ಪು ಗುಣಾಕಾರ ಒಬ್ಬ ತಾಯಿಯ ಬದುಕನ್ನು ಮುರಿಯಿತು. ಸ್ಯಾಲಿ ಕ್ಲಾರ್ಕ್ ಎಂಬ ವಕೀಲೆಯ ಇಬ್ಬರು ಹಸುಗೂಸುಗಳು 1996 ಮತ್ತು 1998ರಲ್ಲಿ ತೀರಿಕೊಂಡವು. ತಾಯಿಯೇ ಕೊಂದಳೆಂದು ಮೊಕದ್ದಮೆ ಆಯಿತು. ಅಂತಹ ಕುಟುಂಬದಲ್ಲಿ ಒಂದು ಮಗು ಕಾರಣ ತಿಳಿಯದೆ ಸಾಯುವ ಸಂಭವ 8,543ರಲ್ಲಿ ಒಂದು, ಆದ್ದರಿಂದ ಎರಡು ಸಾಯುವ ಸಂಭವ ಅದರ ವರ್ಗ, ಸುಮಾರು 7.3 ಕೋಟಿಯಲ್ಲಿ ಒಂದು ಎಂದು ಹೆಸರಾಂತ ಮಕ್ಕಳ ವೈದ್ಯರೊಬ್ಬರು ಸಾಕ್ಷಿ ಹೇಳಿದರು. ಒಂದೇ ಮನೆ, ಒಂದೇ ರಕ್ತದ ಇಬ್ಬರು ಮಕ್ಕಳ ಸಾವು ಒಂದಕ್ಕೊಂದು ಸಂಬಂಧವಿಲ್ಲದ್ದು ಎಂದು ಹೇಗೆ ಹೇಳುತ್ತೀರಿ? 1999ರಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು. 2001ರಲ್ಲಿ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಈ ಲೆಕ್ಕಕ್ಕೆ ಸಂಖ್ಯಾಶಾಸ್ತ್ರದ ಆಧಾರ ಇಲ್ಲವೆಂದು ಬಹಿರಂಗವಾಗಿ ಹೇಳಿತು. ಎರಡನೆಯ ಮಗುವಿನ ಸೋಂಕಿನ ವರದಿಯನ್ನು ಮುಂದಿಡದೆ ಇದ್ದದ್ದೂ ಬೆಳಕಿಗೆ ಬಂದು, 2003ರ ಜನವರಿಯಲ್ಲಿ ಆಕೆ ಹೊರಬಂದಳು. 2007ರಲ್ಲಿ ತೀರಿಕೊಂಡಳು. ಈ ಪ್ರಕರಣವನ್ನು ಪ್ರತಿ ವರ್ಷ ಕಲಿಸುತ್ತೇನೆ. ಒಂದು ವರ್ಷವೂ ಹಗುರ ಮನಸ್ಸಿನಿಂದ ಕಲಿಸಲು ಆಗಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ಕಳವಾದ ಜಾಗದಲ್ಲಿ ಸಿಕ್ಕಿದ ರಕ್ತದಲ್ಲಿ ಒಂದು ಲಕ್ಷಣ ಇದೆ, ಅದು ಸಾವಿರದಲ್ಲಿ ಒಬ್ಬರಿಗೆ ಮಾತ್ರ ಇರುವಂಥದ್ದು ಎಂದುಕೊಳ್ಳಿ. ಆರೋಪಿಯ ರಕ್ತದಲ್ಲೂ ಅದು ಇದೆ. ಕೂಡಲೇ ಯಾರಾದರೂ ಹೇಳುತ್ತಾರೆ: ‘ಹಾಗಾದರೆ ಇವನು ನಿರಪರಾಧಿ ಆಗಿರುವ ಸಂಭವ ಸಾವಿರದಲ್ಲಿ ಒಂದು.’ ಕೇಳಲು ಸರಿಯೆನಿಸುತ್ತದೆ. ಆದರೆ 2011ರ ಜನಗಣತಿಯ ಪ್ರಕಾರ ನಮ್ಮ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 13,07,375. ಸಾವಿರಕ್ಕೆ ಒಬ್ಬರಂತೆ ಈ ಲಕ್ಷಣ ಇರುವವರು ಜಿಲ್ಲೆಯಲ್ಲಿ ಸುಮಾರು 1,300 ಮಂದಿ. ಬೇರೆ ಯಾವ ಸಾಕ್ಷ್ಯವೂ ಇಲ್ಲದಿದ್ದರೆ ನಮ್ಮ ಆರೋಪಿ ಆ 1,300ರಲ್ಲಿ ಒಬ್ಬ. ಆ ‘ಸಾವಿರದಲ್ಲಿ ಒಂದು’ ಎಂಬ ತಪ್ಪಿಗೆ ಪ್ರಾಸಿಕ್ಯೂಟರನ, ಅಂದರೆ ಸರ್ಕಾರಿ ವಕೀಲನ, ತರ್ಕದೋಷ ಎಂದು ಹೆಸರು ಬಿದ್ದಿದೆ. ವಕೀಲರಷ್ಟೇ ಅಲ್ಲ, ವರದಿ ಬರೆಯುವ ತಜ್ಞರೂ ಇದರಲ್ಲಿ ಬೀಳುತ್ತಾರೆ, ಪತ್ರಿಕೆಯವರೂ ಬೀಳುತ್ತಾರೆ.

ತಜ್ಞರಿಗೆ ಕೊಡುವ ಸಂಖ್ಯಾಶಾಸ್ತ್ರದ ತರಬೇತಿಯ ತಿರುಳು ಎರಡು ತಟ್ಟೆಯ ಲೆಕ್ಕ. ಪುಸ್ತಕದಲ್ಲಿ ಲೈಕ್ಲಿಹುಡ್ ರೇಶಿಯೋ ಎಂದಿರುತ್ತದೆ. ನಾನು ತಕ್ಕಡಿ ಎನ್ನುತ್ತೇನೆ, ಅಡಿಕೆ ತೂಗಿದ ಊರಿನವರಿಗೆ ಅದು ಬೇಗ ಹಿಡಿಯುತ್ತದೆ. ಒಂದು ತಟ್ಟೆಯಲ್ಲಿ ಈ ಪ್ರಶ್ನೆ: ಗುರುತು ಇವನ ಚಪ್ಪಲಿಯದ್ದೇ ಆಗಿದ್ದರೆ ಇಂತಹ ಹೊಂದಿಕೆ ಕಾಣುವ ಸಂಭವ ಎಷ್ಟು? ಇನ್ನೊಂದರಲ್ಲಿ: ಬೇರೆ ಯಾರದ್ದೋ ಆಗಿದ್ದರೆ ಇದೇ ಹೊಂದಿಕೆ ಕಾಣುವ ಸಂಭವ ಎಷ್ಟು? ಮೊದಲನೆಯದಕ್ಕೆ ಉತ್ತರ ಸುಲಭ, ಹೆಚ್ಚು ಕಡಿಮೆ ಒಂದು, ಅಂದರೆ ಬಹುತೇಕ ಖಚಿತ. ಎರಡನೆಯದಕ್ಕೆ ಊರು ಗೊತ್ತಿರಬೇಕು. ಹೊರಗಿನ ರಾಶಿಯ ಪ್ರಕಾರ 52ರಲ್ಲಿ ಐದು, ಅಂದರೆ ಸುಮಾರು ಹತ್ತರಲ್ಲಿ ಒಂದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಅನುಪಾತ ಹತ್ತು. ಅಂದು ನಮ್ಮ ಅಂಗಳಕ್ಕೆ ಬರಬಹುದಾಗಿದ್ದ ಗಂಡಸರು ನೂರು ಎಂದರೆ, ಆ ಗುರುತು ಅವರನ್ನು ಹತ್ತಕ್ಕೆ ಇಳಿಸುತ್ತದೆ. ಹತ್ತಕ್ಕೆ ಇಳಿಸಿದ್ದು ಸಣ್ಣ ಮಾತಲ್ಲ, ತನಿಖೆಗೆ ಅದರಿಂದ ದಾರಿ ಸಿಗುತ್ತದೆ. ಆದರೆ ಏಕಾರ ಹಚ್ಚುವಷ್ಟು ಅದು ಇಲ್ಲ.

ತಜ್ಞರ ಕೆಲಸ ತಕ್ಕಡಿಯಲ್ಲಿ ಕಂಡದ್ದನ್ನು ಹೇಳಿ ನಿಲ್ಲುವುದು. ಅಪರಾಧಿಯೇ ಎಂದು ತೀರ್ಮಾನಿಸಲು ಬೇರೆ ಸಾಕ್ಷ್ಯ ಬೇಕು, ಅದನ್ನೆಲ್ಲ ಒಟ್ಟಿಗೆ ಇಟ್ಟು ನೋಡುವ ನ್ಯಾಯಾಧೀಶರು ಬೇಕು.

ಮಣ್ಣಿನ ವಿಷಯಕ್ಕೂ ಇದನ್ನೇ ಹಚ್ಚಿ ನೋಡಿ. ಆರೋಪಿಯ ಬೂಟಿನ ಕೆಂಪು ಮಣ್ಣು ಸ್ಥಳದ ಮಣ್ಣಿನೊಂದಿಗೆ ತಾಳೆಯಾಗುತ್ತದೆ ಎಂದು ವರದಿ ಬಂದರೆ, ರಾಜಸ್ಥಾನದ ಮರಳುನಾಡಿನಲ್ಲಿ ಸಿಕ್ಕಿದ ಬೂಟಾದರೆ ಅದು ಭಾರೀ ಸಾಕ್ಷ್ಯ. ಮಂಜೇಶ್ವರದಿಂದ ನೀಲೇಶ್ವರದವರೆಗೆ ಮುರಕಲ್ಲೇ ಹಾಸಿರುವ ನಮ್ಮಲ್ಲಿ ಅದಕ್ಕೆ ತೂಕ ತೀರ ಕಡಿಮೆ. ಪ್ರಯೋಗಾಲಯದ ಪರೀಕ್ಷೆ ಎರಡು ಕಡೆಯೂ ಒಂದೇ, ಸಾಕ್ಷ್ಯದ ಬಲ ಮಾತ್ರ ಊರಿಗೆ ತಕ್ಕ ಹಾಗೆ ಬೇರೆ.

ಇಲ್ಲಿ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ಎದ್ದು ನಿಂತು ಕೇಳಿದರು: ‘ಮಾಷ್ಟ್ರೇ, ಚಪ್ಪಲಿ, ಮಣ್ಣು ಬಿಡಿ. ಬೆರಳಚ್ಚು ಹಾಗಲ್ಲವಲ್ಲ?’

ಒಳ್ಳೆಯ ಪ್ರಶ್ನೆ. ಬೆರಳಚ್ಚಿನ ವಿದ್ಯೆ ಬೆಳೆದದ್ದರಲ್ಲಿ ನಮ್ಮ ದೇಶದ ಪಾಲು ದೊಡ್ಡದು. ಜಗತ್ತಿನ ಮೊದಲ ಬೆರಳಚ್ಚು ಕೇಂದ್ರ 1897ರಲ್ಲಿ ಕಲ್ಕತ್ತೆಯಲ್ಲಿ ಶುರುವಾಯಿತು. ಲಕ್ಷಗಟ್ಟಲೆ ಹಾಳೆಗಳಲ್ಲಿ ಬೇಕಾದದ್ದನ್ನು ಹುಡುಕಲು 1,024 ಗೂಡುಗಳ ಲೆಕ್ಕ ಕಟ್ಟಿದವರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಮುಖ್ಯರು, ಹೆಸರು ಉಳಿದದ್ದು ಮಾತ್ರ ಅಧಿಕಾರಿ ಎಡ್ವರ್ಡ್ ಹೆನ್ರಿಯವರದ್ದು. ಅಂದರೆ ಈ ವಿದ್ಯೆ ಹುಟ್ಟಿದಾಗಲೇ ಗಣಿತ ಜೊತೆಗಿತ್ತು. ಹುಡುಕುವುದಕ್ಕೆ ಮಾತ್ರ ಇತ್ತು. ಸಿಕ್ಕಿದ ಹೊಂದಿಕೆಯನ್ನು ಎಷ್ಟು ನಂಬಬಹುದು ಎಂದು ಅಳೆಯುವ ಕೆಲಸಕ್ಕೆ ನೂರು ವರ್ಷ ಯಾರೂ ಸರಿಯಾಗಿ ಕೈ ಹಾಕಲಿಲ್ಲ.

2004ರ ಮಾರ್ಚ್ 11ರಂದು ಮ್ಯಾಡ್ರಿಡ್‌ನ ರೈಲುಗಳಲ್ಲಿ ಬಾಂಬು ಸಿಡಿಯಿತು. ಡಿಟೋನೇಟರುಗಳಿದ್ದ ಪ್ಲಾಸ್ಟಿಕ್ ಚೀಲದ ಮೇಲೆ ಸಿಕ್ಕಿದ ಒಂದು ಬೆರಳ ಗುರುತು, ಸಾವಿರಾರು ಮೈಲಿ ದೂರದ ಅಮೆರಿಕದ ಆರೆಗಾನ್ ರಾಜ್ಯದ ವಕೀಲ ಬ್ರ್ಯಾಂಡನ್ ಮೇಫೀಲ್ಡ್‌ನದ್ದೇ ಎಂದು ಎಫ್‌ಬಿಐ ತಜ್ಞರು ಹೇಳಿದರು. ಒಬ್ಬರಾದ ಮೇಲೆ ಒಬ್ಬರು ಪರಿಶೀಲಿಸಿ ಅದೇ ಎಂದರು. ನ್ಯಾಯಾಲಯ ನೇಮಿಸಿದ ತಜ್ಞರೂ ಒಪ್ಪಿದರು. ಆತ ಎರಡು ವಾರ ಸೆರೆಯಲ್ಲಿದ್ದ. ಕೊನೆಗೆ ಸ್ಪೇನಿನ ಪೊಲೀಸರು ಆ ಗುರುತು ಅಲ್ಜೀರಿಯಾದ ಬೇರೊಬ್ಬನದ್ದೆಂದು ತೋರಿಸಿದರು. ಹೀಗೇಕೆ ಆಗುತ್ತದೆ? ಕೋಟಿಗಟ್ಟಲೆ ಬೆರಳಚ್ಚುಗಳಲ್ಲಿ ಕಂಪ್ಯೂಟರಿನಿಂದ ಹುಡುಕಿಸಿದರೆ, ನಿಜವಾದ ಒಡೆಯ ಅದರಲ್ಲಿ ಇಲ್ಲದಿದ್ದರೂ, ಅವನಿಗೆ ಅತಿ ಹತ್ತಿರದ ಹೋಲಿಕೆ ಇರುವವನು ಸಿಕ್ಕೇ ಸಿಗುತ್ತಾನೆ. ರಾಶಿ ದೊಡ್ಡದಾದಷ್ಟೂ ಹೋಲಿಕೆ ಹತ್ತಿರವಾಗುತ್ತಾ ಹೋಗುತ್ತದೆ. ಇದನ್ನು ನನ್ನ ವಿದ್ಯಾರ್ಥಿಗಳು ಕೂಡಲೇ ಒಪ್ಪುವುದಿಲ್ಲ. ಒಂದು ತರಗತಿಯಲ್ಲಿ ಹುಡುಕಿದರೆ ನಿಮ್ಮ ಹಾಗೆ ಕಾಣುವವರು ಸಿಗಲಿಕ್ಕಿಲ್ಲ, ಮಧೂರು ಜಾತ್ರೆಯಲ್ಲಿ ಹುಡುಕಿದರೆ ಸಿಗಬಹುದು ಎಂದಾಗ ಒಪ್ಪುತ್ತಾರೆ.

ಹಾಗಾದರೆ ಬೆರಳಚ್ಚು ಸುಳ್ಳೇ? ಅಲ್ಲ. 2011ರಲ್ಲಿ ಅಮೆರಿಕದಲ್ಲಿ ಪರೀಕ್ಷೆ ಮಾಡುವವರಿಗೆ ಮಾತ್ರ ಉತ್ತರ ಗೊತ್ತಿದ್ದ ಜೋಡಿಗಳನ್ನು 169 ಪರಿಣತರಿಗೆ ಕೊಟ್ಟು ಪರೀಕ್ಷಿಸಿದ ಅಧ್ಯಯನ ಪ್ರಕಟವಾಯಿತು. ಬೇರೆಯವರ ಗುರುತನ್ನು ಇವನದ್ದು ಎಂದದ್ದು ನೂರಕ್ಕೆ 0.1. ಇವನದ್ದೇ ಆದ ಗುರುತನ್ನು ಇವನದ್ದಲ್ಲ ಎಂದದ್ದು ನೂರಕ್ಕೆ 7.5. ಮೊದಲನೆಯ ತಪ್ಪು ಬಹಳ ಕಡಿಮೆ, ಆ ತಜ್ಞರ ಕೌಶಲ ನಿಜವಾದದ್ದು. ಆದರೂ ಅದು ಸೊನ್ನೆಯಲ್ಲ. ಈ ಅಂಕಿ ಸಿಗುವವರೆಗೆ ಸಾಕ್ಷಿಕಟ್ಟೆಯಲ್ಲಿ ಸೊನ್ನೆ ಎಂದೇ ಹೇಳುತ್ತಿದ್ದರು. ವಿಧಿವಿಜ್ಞಾನದಲ್ಲಿ ಸಂಶೋಧನೆ ಎಂದರೆ ಏನು ಎಂದು ಕೇಳುವ ಹುಡುಗರಿಗೆ ನಾನು ಇದನ್ನು ತೋರಿಸುತ್ತೇನೆ. ಹೊಸ ಯಂತ್ರ ಕಂಡುಹಿಡಿಯುವುದೂ ಸಂಶೋಧನೆಯೇ. ನೂರು ವರ್ಷದಿಂದ ಮಾಡುತ್ತಿರುವ ಕೆಲಸದಲ್ಲಿ ಎಷ್ಟು ತಪ್ಪುತ್ತೇವೆ ಎಂದು ಎದೆಗುಂದದೆ ಎಣಿಸುವುದು ಅದಕ್ಕಿಂತ ಕಷ್ಟದ ಸಂಶೋಧನೆ.

ಎರಡು ಬಗೆಯ ತಪ್ಪು ಎಂದೆನಲ್ಲ. ನಮ್ಮ ನೆರೆಮನೆಯ ಅಕ್ಕ ಮೂವತ್ತು ವರ್ಷದಿಂದ ಬೀಡಿ ಕಟ್ಟುತ್ತಾರೆ. ಎಲೆ ಮಡಚಿ, ತುದಿ ಮುಚ್ಚಿ ಒತ್ತಿ ಒತ್ತಿ ಅವರ ಹೆಬ್ಬೆರಳಿನ ಗೆರೆಗಳು ನುಣ್ಣಗಾಗಿವೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ಅವರನ್ನು ಗುರುತಿಸುವುದಿಲ್ಲ. ಬೆರಳನ್ನು ಸೆರಗಿಗೆ ಒರೆಸುತ್ತಾರೆ, ಮತ್ತೆ ಒತ್ತುತ್ತಾರೆ, ಇನ್ನೊಂದು ಬೆರಳು ಇಡುತ್ತಾರೆ. ಹಿಂದೆ ಸಾಲು ಉದ್ದವಾಗುತ್ತದೆ. ಕೊನೆಗೆ ಫೋನಿಗೆ ಒಟಿಪಿ ಬರಬೇಕು. ಯಂತ್ರವನ್ನು ಸಡಿಲ ಮಾಡಿದರೆ ಅಕ್ಕನಿಗೆ ಅಕ್ಕಿ ಸಿಗುತ್ತದೆ, ಜೊತೆಗೆ ಬೇರೆಯವರ ಹೆಬ್ಬೆಟ್ಟೂ ಅಕ್ಕನದ್ದೆಂದು ಒಳಗೆ ಬಂದೀತು. ಬಿಗಿ ಮಾಡಿದರೆ ಕಳ್ಳ ಹೆಬ್ಬೆಟ್ಟು ನಿಲ್ಲುತ್ತದೆ, ಅಕ್ಕನೂ ಹೊರಗೆ ನಿಲ್ಲುತ್ತಾರೆ. ಎರಡೂ ತಪ್ಪನ್ನು ಒಟ್ಟಿಗೆ ಇಲ್ಲವಾಗಿಸುವ ಹದ ಎಂಬುದು ಇಲ್ಲ. ಯಾವ ತಪ್ಪಿಗೆ ಯಾರು ಬೆಲೆ ತೆರುತ್ತಾರೆ ಎಂದು ನೋಡಿ ಹದವನ್ನು ಆರಿಸಬೇಕಾಗುತ್ತದೆ.

ಮನಸ್ಸಿನ ವಿಷಯ ಚುಟುಕಾಗಿ ಹೇಳುತ್ತೇನೆ. 2006ರಲ್ಲಿ ಸಂಶೋಧಕ ಇಟಿಯಲ್ ಡ್ರೋರ್ ಮತ್ತು ಸಂಗಡಿಗರು ಐವರು ಅನುಭವಿ ಬೆರಳಚ್ಚು ತಜ್ಞರಿಗೆ, ಅವರೇ ಹಿಂದೆ ಹೊಂದುತ್ತದೆ ಎಂದಿದ್ದ ಜೋಡಿಯನ್ನು, ‘ಇದು ಮೇಫೀಲ್ಡ್ ಪ್ರಕರಣದ ತಪ್ಪು ಜೋಡಿ’ ಎಂದು ಹೇಳಿ ಕೊಟ್ಟರು. ನಾಲ್ವರು ತಮ್ಮ ಹಿಂದಿನ ಅಭಿಪ್ರಾಯ ಬದಲಿಸಿದರು. ಐದು ಜನರ ಸಣ್ಣ ಪ್ರಯೋಗ, ಅದರಿಂದ ಶೇಕಡಾವಾರು ಹೇಳುವುದು ತಪ್ಪು. ಆದರೆ ಪರೀಕ್ಷೆಗೆ ಬೇಡದ ಸುದ್ದಿಯನ್ನು ತಜ್ಞರ ಕಿವಿಗೆ ಹಾಕಬಾರದು ಎನ್ನಲು ಇಷ್ಟು ಸಾಕು. ‘ಇವನು ತಪ್ಪೊಪ್ಪಿಕೊಂಡಿದ್ದಾನೆ, ಸ್ವಲ್ಪ ನೋಡಿ’ ಎಂಬ ಒಂದು ಮಾತು ವರದಿಯನ್ನು ಎತ್ತಲೋ ಒಯ್ದೀತು.

2009ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ ಹೊರಬಿದ್ದ ಮೇಲೆ ಈ ಕ್ಷೇತ್ರ ಎಚ್ಚರವಾಯಿತು. ಡಿಎನ್‌ಎ ಒಂದನ್ನು ಬಿಟ್ಟರೆ ಬೇರೆ ಯಾವ ವಿಧಾನಕ್ಕೂ ಗುರುತನ್ನು ಒಬ್ಬನಿಗೇ ಖಚಿತವಾಗಿ ಜೋಡಿಸುವ ಶಕ್ತಿ ಇದೆಯೆಂದು ಕಟ್ಟುನಿಟ್ಟಾಗಿ ಸಿದ್ಧವಾಗಿಲ್ಲ ಎಂದಿತು ಆ ವರದಿ. 2015ರಲ್ಲಿ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಮುಂದಾಳುತನದಲ್ಲಿ ಸಿಸೇಫ್ ಎಂಬ ಕೇಂದ್ರ ಶುರುವಾಯಿತು. ಅಲ್ಲಿ ಸಂಖ್ಯಾಶಾಸ್ತ್ರಜ್ಞರು ಪ್ರಯೋಗಾಲಯದವರ ಜೊತೆ ಕೂತು ಶೂ ಅಡಿಯ ಗುರುತು, ಕೈಬರಹ, ಗುಂಡಿನ ಮೇಲಿನ ಗೀರುಗಳನ್ನು ಅಳೆದು ಮಾಹಿತಿಕೋಶ ಕಟ್ಟುತ್ತಾರೆ, ಕೆಲಸದಲ್ಲಿರುವ ತಜ್ಞರಿಗೆ ತರಬೇತಿ ಕೊಡುತ್ತಾರೆ. ನನಗೆ ಅದರಲ್ಲಿ ಹಿಡಿಸುವುದು ಆ ಜೊತೆ ಕೂರುವಿಕೆ. ಗಣಿತದವನಿಗೆ ಗುಂಡಿನ ಗೀರು ಗೊತ್ತಿಲ್ಲ, ಗೀರು ನೋಡುವವನಿಗೆ ಸಂಭವನೀಯತೆ ಗೊತ್ತಿಲ್ಲ, ಇಬ್ಬರೂ ಒಂದೇ ಮೇಜಿಗೆ ಬಂದರೆ ಮಾತ್ರ ಕೆಲಸ ಆಗುತ್ತದೆ.

ನಮ್ಮ ದೇಶದಲ್ಲಿ ಈಗ ಇದಕ್ಕೆ ಕಾಲ ಒದಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ, ಅಪರಾಧಗಳ ತನಿಖೆ ಮತ್ತು ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆನ್ನುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶ. ಸಾವಿರಾರು ಹೊಸ ತಜ್ಞರು ಬೇಕಾಗುತ್ತಾರೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ ಧಾರವಾಡಕ್ಕೂ ಬಂದಿದೆ, ಇಲ್ಲಿನ ಮಕ್ಕಳು ಕಾಸರಗೋಡಿನಲ್ಲಿ ಬಿಎಸ್‌ಸಿ ಮುಗಿಸಿ ಅತ್ತ ನೋಡಬಹುದು. ನನ್ನ ಆತಂಕ ಒಂದೇ: ಪಠ್ಯದಲ್ಲಿ ಸರಾಸರಿ, ವಿಚಲನೆ, ಒಂದು ಟಿ-ಟೆಸ್ಟ್ ಕಲಿಸಿ ಕೈ ತೊಳೆದುಕೊಂಡರೆ ಅದು ತರಬೇತಿಯಲ್ಲ. ಪಾಠ ಸಾಕ್ಷಿಕಟ್ಟೆಯಿಂದ ಶುರುವಾಗಬೇಕು. ಒಂದು ವರದಿ ಕೊಟ್ಟು, ಎದುರಿಗೆ ವಕೀಲರನ್ನು ನಿಲ್ಲಿಸಿ, ‘ಬೇರೆಯವರಿಗೂ ಇದು ಹೊಂದೀತೇ? ಎಷ್ಟು ಜನರಿಗೆ? ಹೇಗೆ ಗೊತ್ತು?’ ಎಂದು ಕೇಳಿಸಬೇಕು. ಉತ್ತರ ಕೊಡಲಾಗದೆ ನಿಂತ ಆ ಒಂದು ನಿಮಿಷದಲ್ಲಿ ಸಂಖ್ಯಾಶಾಸ್ತ್ರ ಏಕೆ ಬೇಕೆಂದು ತಿಳಿಯುತ್ತದೆ. ಆಮೇಲೆ ಸೂತ್ರ.

ಡಿಎನ್‌ಎ ವಿಷಯದಲ್ಲಿ ನಮ್ಮ ಪಕ್ಕದ ತಲಶ್ಶೇರಿಗೆ ಚರಿತ್ರೆಯಲ್ಲಿ ಜಾಗ ಇದೆ. ಭಾರತದಲ್ಲಿ ಡಿಎನ್‌ಎ ಪರೀಕ್ಷೆಯನ್ನು ನ್ಯಾಯಾಲಯಗಳು ಒಪ್ಪಿಕೊಂಡ ಮೊದಮೊದಲ ಪ್ರಕರಣಗಳಲ್ಲಿ ಒಂದು ಅಲ್ಲಿಯ ಪಿತೃತ್ವ ವಿವಾದ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಸಿಸಿಎಂಬಿಯಲ್ಲಿ ಪರೀಕ್ಷೆಯಾಗಿ, 1991ರಲ್ಲಿ ಕೇರಳ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಡಿಎನ್‌ಎಯಲ್ಲೂ ಒಂದೊಂದು ಲಕ್ಷಣದ ಸಂಭವಗಳ ಗುಣಾಕಾರ ಇದೆ, ಅಲ್ಲಿಯೂ ಚಪ್ಪಲಿಯ ಪಾಠ ನೆನಪಿರಬೇಕು. ಸೋದರಮಾವನ ಮಗಳನ್ನು ತಂದುಕೊಳ್ಳುವುದು, ನಮ್ಮವರೊಳಗೇ ಹೆಣ್ಣು ಕೊಟ್ಟು ತಂದುಕೊಳ್ಳುವುದು ತಲೆತಲಾಂತರದಿಂದ ನಡೆದು ಬಂದ ಸೀಮೆ ನಮ್ಮದು. ಸಣ್ಣ ಸಮುದಾಯದೊಳಗೆ ಒಬ್ಬರ ಡಿಎನ್‌ಎ ಇನ್ನೊಬ್ಬರದ್ದರ ಹಾಗಿರುವ ಸಂಭವ, ಇಡೀ ದೇಶದ ಸರಾಸರಿ ಹೇಳುವುದಕ್ಕಿಂತ ಹೆಚ್ಚು. ಇದಕ್ಕೆ ತೀಟಾ ಎಂಬ ತಿದ್ದುಪಡಿ ಇದೆ, ಸಮುದಾಯದ ಜನ ಒಳಗೊಳಗೇ ಎಷ್ಟು ಹತ್ತಿರದವರು ಎಂಬುದನ್ನು ಲೆಕ್ಕಕ್ಕೆ ಹಿಡಿಯುವ ಅಂಕಿ ಅದು. ಅಮೆರಿಕದ 1996ರ ವರದಿಯೊಂದು ಸಾಮಾನ್ಯವಾಗಿ 0.01, ಪ್ರತ್ಯೇಕವಾಗಿ ಉಳಿದ ಸಣ್ಣ ಸಮುದಾಯಗಳಿಗೆ 0.03 ಎಂದಿತು. ನಮ್ಮ ಊರುಗಳಿಗೆ ಎಷ್ಟು ಹಾಕಬೇಕು ಎನ್ನುವುದನ್ನು ನಮ್ಮವರ ಮಾದರಿ ನೋಡಿಯೇ ತೀರ್ಮಾನಿಸಬೇಕು, ಬೇರೆಯವರ ಅಂಕಿ ಎರವಲು ತಂದು ಅಲ್ಲ. ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಕೇಂಬ್ರಿಜ್‌ಗೆ ಹೋದಾಗ ಮೊದಲು ಕೈಗೆತ್ತಿಕೊಂಡದ್ದು ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಹಳೆಯ ಅಸ್ಥಿಗಳ ಅಳತೆಗಳನ್ನು. ಆ ಜನ ಯಾರಿಗೆ ಹತ್ತಿರ ಎಂದು ಹೇಳಲು ಸುತ್ತಲಿನ ಜನರ ಅಳತೆಗಳೂ ಅವರಿಗೆ ಬೇಕಾದವು.

ಒಬ್ಬ ಯುವ ವಕೀಲೆ ಕೇಳಿದ ಪ್ರಶ್ನೆ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ ಇಂಗ್ಲಿಷಿನಲ್ಲಿ, ಪೊಲೀಸ್ ಕಾಗದ ಮಲಯಾಳದಲ್ಲಿ, ಕಕ್ಷಿದಾರರು ಮಾತಾಡುವುದು ಕನ್ನಡ ಅಥವಾ ತುಳು. ‘ಅರ್ಥ ಹೇಳುವಾಗ ಎಲ್ಲಿ ತಪ್ಪುತ್ತೇವೆ ಸರ್?’ ಎಂದರು ಅವರು. ತಪ್ಪುವುದು ಅದೇ ಏಕಾರದಲ್ಲಿ ಎಂದೆ. ಮಲಯಾಳದಲ್ಲಿ ಆ ಕೆಲಸವನ್ನು ‘ತನ್ನೆ’ ಮಾಡುತ್ತದೆ. ಇಂಗ್ಲಿಷಿನ ‘ಮ್ಯಾಚ್’ ಎಂಬ ಮಾತಿಗೆ ಹೋಲಿಕೆ ಎನ್ನಬಹುದು, ತಾಳೆ ಎನ್ನಬಹುದು, ಅದೇ ಎಂದೂ ಅನ್ನಬಹುದು. ಮೂರಕ್ಕೂ ತೂಕ ಬೇರೆ ಬೇರೆ. ಸಾಕ್ಷಿ ‘ಅವನ ಹಾಗೆ ಇತ್ತು’ ಎಂದದ್ದು ಕಾಗದಕ್ಕೆ ಬರುವಾಗ ‘ಅವನೇ’ ಆದರೆ, ಅಲ್ಲಿಂದ ಮುಂದೆ ಯಾವ ಸೂತ್ರವೂ ಸರಿಪಡಿಸಲಾರದು. ಯುರೋಪಿನ ಪ್ರಯೋಗಾಲಯಗಳ ಒಕ್ಕೂಟ 2015ರಲ್ಲಿ ವರದಿ ಬರೆಯುವ ಕ್ರಮಕ್ಕೆ ಮಾರ್ಗಸೂಚಿ ಹೊರಡಿಸಿತು. ಅನುಪಾತ ಎಷ್ಟಿದ್ದರೆ ‘ದುರ್ಬಲ’, ಎಷ್ಟಿದ್ದರೆ ‘ಸಾಧಾರಣ’, ಎಷ್ಟಿದ್ದರೆ ‘ಬಲವಾದ’ ಎನ್ನಬೇಕೆಂದು ಮಾತಿಗೂ ಅಂಕಿಗೂ ಗಂಟು ಹಾಕುವ ಪಟ್ಟಿ ಅದರಲ್ಲಿದೆ. ಅಂತಹ ಪಟ್ಟಿ ಕನ್ನಡದಲ್ಲೂ ಮಲಯಾಳದಲ್ಲೂ ಅಕ್ಕಪಕ್ಕ ಆಗಬೇಕು. ಎರಡೂ ಭಾಷೆ ಬಲ್ಲ ಕಾಸರಗೋಡಿನವರಿಗಿಂತ ಅದನ್ನು ಚೆನ್ನಾಗಿ ಮಾಡಬಲ್ಲವರು ಯಾರಿದ್ದಾರೆ?

ಸಭೆ ಮುಗಿದ ಮೇಲೆ ಮೂವರು ವಿದ್ಯಾರ್ಥಿಗಳು ಹತ್ತಿರ ಬಂದರು, ಏನಾದರೂ ಶುರು ಮಾಡೋಣ ಎಂದರು. ಅಲ್ಲೇ ಗ್ರಂಥಾಲಯದ ಮೇಜಿನ ಮೇಲೆ ಒಂದು ಗೆರೆ ಹಾಕಿದ ನೋಟ್ ಬುಕ್ ತೆರೆದೆವು. ಸೈಜು, ಬಗೆ, ಸವೆದ ಜಾಗ, ಹರಿದ ಗುರುತು, ಹಾಕುವವರ ಕೆಲಸ, ನಡೆಯುವ ದಾರಿ ಎಂದು ಆರು ಅಂಕಣ. ಹೆಸರು ಬೇಡ. ಚಪ್ಪಲಿಯ ಅಡಿಗೆ ಸ್ಟ್ಯಾಂಪ್ ಪ್ಯಾಡಿನ ಶಾಯಿ ಹಚ್ಚಿ ಬಿಳಿ ಹಾಳೆಯ ಮೇಲೆ ಒತ್ತಿ ತೆಗೆಯುವುದು, ಹಾಳೆಯ ಹಿಂದೆ ನೋಟ್ ಬುಕ್ಕಿನ ಕ್ರಮಸಂಖ್ಯೆ ಬರೆಯುವುದು. ನ್ಯಾಯಾಲಯಕ್ಕೆ ಕೊಡುವ ಮಾಹಿತಿ ಇದಲ್ಲ ಎಂದು ಮೊದಲ ಪುಟದಲ್ಲೇ ಬರೆಸಿದೆ, ಕಲಿಯಲು ಮಾತ್ರ. ಮೊದಲ ಹಾಳೆಗೆ ನನ್ನ ಚಪ್ಪಲಿ ಕೊಟ್ಟೆ. ಎಂಟನೇ ಸೈಜು, ಹಿಮ್ಮಡಿಯ ಹೊರಬದಿ ಸವೆದಿದೆ.